ಒಂದೇ ಸಾಲಿನಲ್ಲಿ ಇಬ್ಬರು ದುರ್ಗಪ್ಪರು

ಮೊದಲಿಗೆ ಕ್ಷಮೆ ಕೇಳುತ್ತೇನೆ. ಕಾಲು ಕಳೆದುಕೊಂಡವಳು ನಾನಲ್ಲ, ಆ ಕಾಲಿನ ಹುಣ್ಣಿಗೆ ಬಟ್ಟೆ ಸುತ್ತಿದವಳೂ ನಾನಲ್ಲ. ಕುರ್ಚಿಯ ಮೇಲೆ ಕುಳಿತು ಎಕ್ಸೆಲ್ ಹಾಳೆಯ ಚೌಕಗಳನ್ನು ತುಂಬಿದವಳು ಅಷ್ಟೇ. ಇದನ್ನು ದುರ್ಗಪ್ಪನವರೇ ಹೇಳಬೇಕಿತ್ತು, ಇಲ್ಲವೇ ಅವರ ಹೆಂಡತಿ ಕೆಂಚವ್ವ. ಅವರು ಹೇಳಿದ್ದರೆ ನಡುನಡುವೆ ನಗಿಸುತ್ತಲೂ ಇದ್ದರು. ನನಗೆ ಅದು ಬರುವುದಿಲ್ಲ. ಆದರೆ ಅವರು ಈಗ ನಮ್ಮ ಆಫೀಸಿಗೆ ಬರುವುದಿಲ್ಲ, ಹೇಳುವವರು ಬೇರೆ ಯಾರೂ ಇಲ್ಲ. ಆದ್ದರಿಂದ ಈ ಧೈರ್ಯ.

ಗೋಕಾಕದಲ್ಲಿ ಕೋರ್ಟಿನ ಹಿಂದಿನ ಓಣಿಯಲ್ಲಿ ನಮ್ಮ ಸಂಸ್ಥೆಯ ಕಚೇರಿ ಇದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕಿನ ಜನರಿಗೆ ಸಣ್ಣ ಸಣ್ಣ ಅನುದಾನ ಕೊಡುವುದು ಅದರ ಕೆಲಸ. ನೆರೆಯಲ್ಲಿ ಮನೆ ಬಿದ್ದವರಿಗೆ ತಗಡು, ವಿಧವೆಯರಿಗೆ ಹೊಲಿಗೆ ಯಂತ್ರ, ಅಪಘಾತವಾದವರಿಗೆ ಕೃತಕ ಕಾಲು, ಹೀಗೆ. ಹಣ ಕೊಡುತ್ತಿದ್ದವರು ದೂರದ ಒಂದು ಕಂಪನಿಯವರು. ನಾನು ಅಲ್ಲಿ ಮಾಹಿತಿ ತುಂಬುವವಳು, ಮಾಲಾ ಎಂದು ಹೆಸರು. ಹಗಲು ಕರದಂಟಿನ ಅಂಗಡಿಯಲ್ಲಿ ಡಬ್ಬಿ ಕಟ್ಟುತ್ತ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದೆ. ಕಂಪ್ಯೂಟರ್ ಕಲಿತದ್ದೂ ಸಂಜೆಯೇ. ಹಗಲು ಓದಿದವರಿಗೆ ತಿಳಿದಿರುವ ಏನೋ ಒಂದು ನನಗೆ ತಿಳಿದಿಲ್ಲ ಎಂಬ ಅನುಮಾನದಲ್ಲಿ ಪ್ರತಿ ಸಾಲನ್ನೂ ಮತ್ತೆ ಮತ್ತೆ ನೋಡುವುದು ನನ್ನ ಅಭ್ಯಾಸ.

ಹೋದ ವರ್ಷ ಕಂಪನಿಯವರು ಒಂದು ಹೊಸ ಸಾಫ್ಟ್‌ವೇರ್ ತಂದರು. ಯಾರಿಗೆ ಏನು ಕೊಟ್ಟಿದ್ದೇವೆ, ಅದು ಯಾವ ಹಂತದಲ್ಲಿದೆ ಎಂಬುದನ್ನು ಅವರು ಅಲ್ಲಿಂದಲೇ ನೋಡಬೇಕಂತೆ. ಹಳೆಯ ದಾಖಲೆಗಳನ್ನೆಲ್ಲ ಅವರು ಕಳಿಸಿದ ಎಕ್ಸೆಲ್ ಹಾಳೆಯಲ್ಲಿ ತುಂಬಿ ಸಾಫ್ಟ್‌ವೇರಿಗೆ ಏರಿಸಬೇಕು, ಅದರಲ್ಲಿ ಇಲ್ಲದವರಿಗೆ ಮುಂದಿನ ಕಂತು ಇಲ್ಲ ಎಂದು ಪತ್ರ ಬಂತು. ಹಾಳೆಯಲ್ಲಿ ಹೆಸರು, ಅಡ್ಡಹೆಸರು, ಊರು, ಹುಟ್ಟಿದ ದಿನಾಂಕ, ಅನುದಾನ, ಹಂತ ಎಂಬ ಕಾಲಂಗಳಿದ್ದವು. ಆಧಾರ್ ನಂಬರ್ ಹಾಕಕೂಡದು, ಅದು ಖಾಸಗಿ ಎಂದು ಕೆಂಪಕ್ಷರದಲ್ಲಿ ಬರೆದಿದ್ದರು. ತಂದೆಯ ಹೆಸರಿಗೆ ಜಾಗವೇ ಇರಲಿಲ್ಲ.

ನಮ್ಮ ಕಡೆ ಹೆಸರಿಗೆ ಮೂರು ಭಾಗ. ತನ್ನದು, ತಂದೆಯದು, ಮನೆತನದ್ದು. ನಡುವಿನದನ್ನು ತೆಗೆದರೆ ಅರ್ಧ ಊರು ಒಂದೇ ಮನುಷ್ಯನಾಗಿಬಿಡುತ್ತದೆ.

ಮೂಡಲಗಿ ತಾಲೂಕಿನ ಪಟ್ಟಿ ತುಂಬಿ ಪರೀಕ್ಷೆಯ ಗುಂಡಿ ಒತ್ತಿದಾಗ ಎರಡು ಸಾಲು ಕೆಂಪಾದವು. ಎರಡರಲ್ಲೂ ದುರ್ಗಪ್ಪ ಮೆಳವಂಕಿ. ಕಲ್ಲೋಳಿ ಹತ್ತಿರದ ಒಂದೇ ಊರು. ಹುಟ್ಟಿದ ದಿನಾಂಕ ಒಂದೇ, ಜೂನ್ ಒಂದು, ಇಸವಿಯೂ ಅದೇ. ಒಬ್ಬರಿಗೆ ಘಟಪ್ರಭೆಗೆ ನೆರೆ ಬಂದ ವರ್ಷ ತಗಡು ಕೊಟ್ಟು ಮುಗಿದಿತ್ತು. ಇನ್ನೊಬ್ಬರಿಗೆ ಕೃತಕ ಕಾಲಿನ ಮೊದಲ ಹಂತ ಆಗಿತ್ತು, ಎರಡನೆಯದು ಬಾಕಿ. ಬಾಜೂಕ್ಕೆ ಸಾಫ್ಟ್‌ವೇರಿನ ಟಿಪ್ಪಣಿ: ನಕಲು ಇರಬಹುದು, ಒಬ್ಬ ವ್ಯಕ್ತಿಗೆ ಒಂದೇ ಅನುದಾನ.

ನಮ್ಮ ಸಂಯೋಜಕರಾದ ಬಾಳೇಶ ಸರ್‌ಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಇವರಿಬ್ರೂ ಬ್ಯಾರೆ ಬ್ಯಾರೆ ಅದಾರಲ್ಲ. ಒಬ್ಬಂವ ಮಾಲಿಂಗನ ಮಗ, ಒಬ್ಬಂವ ಯಲ್ಲಾಲಿಂಗನ ಮಗ. ಹೆಸರಿನ ಜೋಡಿ ಅಪ್ಪನ ಹೆಸರ ಸೇರಿಸಿ ಬಿಡು."

ಸೇರಿಸಿದೆ. ಸಾಲು ಹಳದಿಯಾಯಿತು. ಸಹಾಯವಾಣಿಗೆ ಫೋನ್ ಮಾಡಿದರೆ ಒಬ್ಬ ಹುಡುಗ ಹಿಂದಿಯಲ್ಲಿ, ಹೆಸರಿನ ಚೌಕದಲ್ಲಿ ಒಂದೇ ಪದ ಇರಬೇಕು, ಹೆಚ್ಚಿನದನ್ನು ಏರಿಸುವಾಗ ಅದು ತಾನೇ ತೆಗೆದುಹಾಕುತ್ತದೆ ಎಂದ. ಹಾಗಾದರೆ ಇಬ್ಬರನ್ನು ಬೇರೆ ಮಾಡುವುದು ಹೇಗೆ ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಹುಟ್ಟಿದ ದಿನಾಂಕ ಬೇರೆ ಇರುತ್ತದಲ್ಲ ಎಂದ.

ಆ ವಾರವೇ ದುರ್ಗಪ್ಪನವರು ಕೆಂಚವ್ವನ ಜೊತೆ ಬಂದರು. ಮಾಲಿಂಗನ ಮಗ, ಕಾಲಿನ ದುರ್ಗಪ್ಪ. ಮೂಡಲಗಿ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದ ಮನುಷ್ಯ. ಕಬ್ಬಿನ ಟ್ರ್ಯಾಲಿ ಮಗುಚಿದಾಗ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಬೆಳಗಾವಿಯ ಕೇಂದ್ರದಲ್ಲಿ ಮೊದಲು ಪರೀಕ್ಷೆಯ ಕಾಲು ಕೊಡುತ್ತಾರೆ. ಅದರ ಮೇಲೆ ನಡೆಯುತ್ತ ನಡೆಯುತ್ತ ಉಳಿದ ಕಾಲು ಕರಗಿ ಒಂದು ಆಕಾರಕ್ಕೆ ಬಂದ ಮೇಲೆ, ಅಳತೆ ತೆಗೆದು ಕಾಯಂ ಕಾಲು. ಇವರ ಕಾಲು ಆಗಲೇ ಕರಗಿತ್ತು. ಸಡಿಲವಾದ ಪರೀಕ್ಷೆಯ ಕಾಲಿನೊಳಗೆ ಬಟ್ಟೆ ತುರುಕಿಕೊಂಡು ಭಟ್ಟಿಯ ಮುಂದೆ ನಿಲ್ಲುತ್ತಿದ್ದರು.

"ಇದ ಬಾಡಗಿ ಮನಿ ಆಗೇತ್ರಿ ಅಕ್ಕಾರ," ಎಂದು ಕಾಲನ್ನು ತಟ್ಟಿ ನಕ್ಕರು. "ನಾ ಸಣ್ಣಾಂವ ಆಗೇನಿ, ಮನಿ ದೊಡ್ಡದಾಗೇತಿ. ನಿಂತ್ರ ಒಳಗ ನಾನ ಅಡ್ಡಾಡತೇನಿ."

"ನಗಬ್ಯಾಡ್ರಿ ಇವರ ಮಾತಿಗೆ," ಎಂದರು ಕೆಂಚವ್ವ. "ರಾತ್ರಿ ಬಿಚ್ಚಿದ್ರ ಒಳಗ ಹಸಿ ಗಾಯ ಐತಿ. ಮಾಲಕ ಬ್ಯಾರೆ, ಚಲೋ ಕಾಲ ಹಾಕ್ಕೊಂಡ ಬಾ, ಇಲ್ಲಂದ್ರ ಬ್ಯಾರೆಯಾಂವ ತರತೇನಿ ಅನ್ನಾಕತ್ತಾನ. ಮುಂದಿನ ಕಾಲ ಯಾವಾಗ ಬರತೈತ್ರಿ?"

ನಾನು ಕೆಂಪು ಸಾಲುಗಳನ್ನು ತೋರಿಸಿದೆ. ಕೆಂಚವ್ವ ಪರದೆಯನ್ನು ನೋಡಿ, ಹಣೆ ಬಡಿದುಕೊಂಡು ನಕ್ಕರು.

"ನಮ್ಮನಿ ಜಗಳ ನಿಮ್ಮ ಮಷೀನ್ ತನಕ ಬಂತೇನ್ರಿ! ನಮ್ಮತ್ತಿ, ಅವರ ನೆಗೆಣ್ಣಿ, ಇಬ್ರೂ ಒಂದ ವರ್ಷ ಹಡದ್ರು. ಅವರಿಬ್ರ ಮಾವ ಆಗಷ್ಟ ತೀರಿದ್ರು. ಅವರ ಹೆಸರ ನನ್ನ ಮಗಗ ಅಂತ ಈಕಿ, ನನ್ನ ಮಗಗ ಅಂತ ಆಕಿ. ಯಾರೂ ಬಿಡಲಿಲ್ಲ. ಎರಡೂ ತೊಟ್ಟಿಲಕ್ಕ ದುರ್ಗಪ್ಪನ."

"ಮನಿಯಾಗ ಹೆಂಗ ಕರೀತಾರ ಮತ್ತ?" ಎಂದೆ.

"ಮಾವನ ಹೆಸರ ಸೊಸೆಂದ್ರು ಹಿಡೀತಾರೇನ್ರಿ? ಇವರಿಗಿ ಅಪ್ಪು, ಅವರಿಗಿ ತಮ್ಮಣ್ಣ ಅಂತಾರ. ದುರ್ಗಪ್ಪ ಅಂತ ಕರೀಲಾರದ ಬೆಳದಾರ ಇಬ್ರೂ. ಹೆಸರ ಬರೇ ಕಾಗದಕ್ಕ."

"ತಾರೀಖರ ಬ್ಯಾರೆ ಇರಬೇಕಿತ್ತಲ್ಲ?"

"ಇಬ್ರನ್ನೂ ಒಂದ ದಿನ ಸಾಲಿಗಿ ಒಯ್ದ್ರು. ಮಾಸ್ತರ ಎಲ್ಲಾರಿಗೂ ಒಂದ ಜೂನ್ ಬರೀತಿದ್ರು. ನಂದೂ ಒಂದ ಜೂನ್ ನೋಡ್ರಿ. ನಮ್ಮೂರಾಗ ಆವತ್ತ ಸೂಲಗಿತ್ತಿಗಿ ಎಷ್ಟ ಓಡಾಟ ಆಗಿರಬೇಕ!"

ಆಮೇಲೆ ದನಿ ತಗ್ಗಿಸಿ, "ಇವರದ ಎರಡ ಜೂನ್ ಮಾಡಿ ಬಿಡ್ರಿ, ತಂಗಿ. ಯಾರ ಕೇಳತಾರ?" ಎಂದರು.

ಅದು ನನಗೂ ಹೊಳೆದಿತ್ತು. ಆದರೆ ಬಾಳೇಶ ಸರ್ ತಲೆಯಾಡಿಸಿದರು. ಸಾಫ್ಟ್‌ವೇರ್ ಹೊರಡಿಸುವ ಮಂಜೂರಿ ಪತ್ರದಲ್ಲಿನ ಹುಟ್ಟಿದ ದಿನಾಂಕವನ್ನು ಬೆಳಗಾವಿಯ ಕೇಂದ್ರದಲ್ಲಿ ಆಧಾರ್ ಕಾರ್ಡಿನ ಜೊತೆ ತಾಳೆ ನೋಡುತ್ತಾರೆ. ಒಂದು ದಿನ ಹೆಚ್ಚುಕಡಿಮೆಯಾದರೆ ಬಾಗಿಲಲ್ಲೇ ವಾಪಸ್ಸು. ಆಧಾರ್ ತಿದ್ದಿಸಲು ಹುಟ್ಟಿದ ದಾಖಲೆ ಬೇಕು. ಆ ದಾಖಲೆ ಎಂದರೆ ಮಾಸ್ತರರು ಬರೆದದ್ದೇ.

"ಖರೆ ಯಾವತ್ತ ಹುಟ್ಟಿದ್ದ್ರಿ ನೀವು?" ಎಂದು ಕೇಳಿದೆ, ಯಾಕೆ ಕೇಳಿದೆನೋ.

"ಜ್ವಾಳ ಒಕ್ಕಣಿ ಹೊತ್ತಿನ್ಯಾಗಂತ್ರಿ," ಎಂದರು ದುರ್ಗಪ್ಪ. "ಅದರ ಚೌಕ ಐತೇನ್ರಿ ನಿಮ್ಮದರಾಗ?"

ಕಾರ್ಡಿನಲ್ಲಿದ್ದದ್ದನ್ನೇ ಹಾಕಿದೆ. ಏರಿಸುವ ಕೊನೆಯ ದಿನ ಬಂದಿತ್ತು. ಈ ಇಬ್ಬರನ್ನು ಬಿಟ್ಟು ಏರಿಸಲು ನೋಡಿದೆ, ತಾಲೂಕಿನ ಒಟ್ಟು ಸಂಖ್ಯೆ ತಾಳೆಯಾಗಲಿಲ್ಲವೆಂದು ಇಡೀ ಹಾಳೆ ಹಿಂದಕ್ಕೆ ಬಂತು. ಇಬ್ಬರನ್ನೂ ಸೇರಿಸಿ ಏರಿಸಿದಾಗ ಹಸಿರು ಗುರುತು ಬಿತ್ತು. ತೆರೆದು ನೋಡಿದರೆ ದುರ್ಗಪ್ಪ ಮೆಳವಂಕಿ ಒಬ್ಬರೇ ಇದ್ದರು. ಅನುದಾನ: ತಗಡು. ಹಂತ: ಮುಗಿದಿದೆ. ಕಾಲಿನ ಸಾಲು ಎಲ್ಲಿಯೂ ಇರಲಿಲ್ಲ.

ಆಕ್ಷೇಪಣೆ ಸಲ್ಲಿಸಲು ಒಂದು ಪುಟ ಇತ್ತು. ಕಾರಣ ಆರಿಸಬೇಕು. ಹೆಸರು ತಪ್ಪಾಗಿದೆ, ವ್ಯಕ್ತಿ ತೀರಿಕೊಂಡಿದ್ದಾರೆ, ಊರು ಬಿಟ್ಟಿದ್ದಾರೆ, ಇತರೆ. ಇಬ್ಬರಿದ್ದಾರೆ ಎಂಬುದು ಅದರಲ್ಲಿ ಇಲ್ಲ. ಇತರೆ ಎಂದು ಆರಿಸಿ, ಕಾಲೇಜಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಸೇರಿಸಿ ಬರೆದೆ. ಸರಿಯಾಗಿ ಬರೆದೆನೋ ಇಲ್ಲವೋ ಎಂದು ಬಾಳೇಶ ಸರ್‌ಗೆ ಓದಿ ಹೇಳಿದೆ. ಉತ್ತರ ಬಂತು: ವ್ಯಕ್ತಿಯ ಫೋಟೋ ಕಳಿಸಿ.

ಫೋಟೋಕ್ಕೆ ಒಂದೇ ಜಾಗ. "ಇಬ್ರನ್ನೂ ಕರಸು," ಎಂದರು ಬಾಳೇಶ ಸರ್. "ಜೋಡಿ ನಿಂದರಿಸಿ ಒಂದ ಫೋಟೋ ತಗಿ. ಕಣ್ಣಿಗೆ ಕಂಡ ಮ್ಯಾಲ ಏನ ಅಂತಾರ?"

ಯಲ್ಲಾಲಿಂಗನ ಮಗ ದುರ್ಗಪ್ಪ ಊರಿನಿಂದ ಗಾಡಿಯ ಹಿಂದೆ ಅಣ್ಣನನ್ನು ಕೂರಿಸಿಕೊಂಡು ಬಂದರು; ಕೆಂಚವ್ವ ಬಸ್ಸಿನಲ್ಲಿ ಬಂದಿದ್ದರು. ದಪ್ಪ ಮೀಸೆಯ, ಗಟ್ಟಿ ದನಿಯ ಮನುಷ್ಯ. ಒಳಗೆ ಬರುತ್ತಲೇ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿದರು.

"ನೋಡ್ರಿ ಸರ್, ನನ್ನವು ಎರಡೂ ಅದಾವ. ತಗಡ ತಗೊಂಡಾಂವ ನಾ. ಇವ ಒಂದ ಮೊಳಿನೂ ಹಾಕಿಸ್ಕೊಂಡಿಲ್ಲ."

"ಪ್ಯಾಂಟ ಇಳಸೋ ತಮ್ಮಣ್ಣಾ," ಎಂದರು ಕಾಲಿನ ದುರ್ಗಪ್ಪ. "ಎರಡ ಕಾಲ ಇದ್ದಾಂವ ನೀ ಒಬ್ಬನ ಅಲ್ಲ ಇಲ್ಲಿ."

"ಬೇಕಂದ್ರ ತಗಡ ಬಿಚ್ಚಿ ತಂದ ಇಲ್ಲೆ ಒಗೀತೇನ್ರಿ. ಮಳಿ ನನ್ನ ತಲಿ ಮ್ಯಾಲ ಬೀಳಲಿ. ಅಣ್ಣಗ ಕಾಲ ಬರತೈತೇನ ಹೇಳ್ರಿ."

"ವಾಪಸ್ ತಗೊಳ್ಳಾಕ ಅದರಾಗ ಜಾಗ ಇಲ್ಲೋ ಮಾರಾಯಾ," ಎಂದರು ಬಾಳೇಶ ಸರ್.

ಗೋಡೆಯ ಮುಂದೆ ಇಬ್ಬರನ್ನೂ ನಿಲ್ಲಿಸಿದೆ. ಅಣ್ಣ ತಮ್ಮನ ಹೆಗಲ ಮೇಲೆ ಕೈಯಿಟ್ಟು ಭಾರ ಬಿಟ್ಟಿದ್ದರು. ಫೋಟೋ ಚೆನ್ನಾಗಿ ಬಂತು. ಒಬ್ಬರು ಕಪ್ಪು, ಒಬ್ಬರು ಕೆಂಪು. ಕುರುಡರೂ ಬೇರೆ ಮಾಡಬಹುದಿತ್ತು. ಕಳಿಸಿದ ಸ್ವಲ್ಪ ಹೊತ್ತಿನಲ್ಲೇ ತಿರಸ್ಕೃತವಾಯಿತು: ಫೋಟೋದಲ್ಲಿ ಒಬ್ಬರೇ ಇರಬೇಕು.

ಯಾರದ್ದು ಕಳಿಸುವುದು? ಕಾಲು ಬೇಕಾದವರು ಅಣ್ಣ. ಅವರ ಮುಖ, ಅವರ ಕಾಲು ಕಾಣುವಂತೆ ತೆಗೆದು ಕಳಿಸೋಣ, ನೋಡಿದವರಿಗೆ ತಿಳಿದೀತು ಎಂದುಕೊಂಡೆವು. ಪರೀಕ್ಷೆಯ ಕಾಲನ್ನು ಬಿಚ್ಚಿ ಬಾಜೂಕ್ಕೆ ಇಟ್ಟು, ಕುರ್ಚಿಯ ಮೇಲೆ ಕೂರಿಸಿ ತೆಗೆದೆ. ಸಾಫ್ಟ್‌ವೇರು ಮುಖದಷ್ಟನ್ನೇ ಕತ್ತರಿಸಿ ತೆಗೆದುಕೊಂಡಿತು.

ಅವರಿನ್ನೂ ಚಹಾ ಕುಡಿಯುತ್ತಿದ್ದಾಗಲೇ ಉತ್ತರ ಬಂತು. ಫೋಟೋ ದೃಢಪಟ್ಟಿದೆ, ಪ್ರಕರಣ ಮುಕ್ತಾಯ. ಸಾಲನ್ನು ತೆರೆದೆ. ದುರ್ಗಪ್ಪ ಮೆಳವಂಕಿ, ತಗಡು, ಮುಗಿದಿದೆ. ಅದರ ಮೇಲೆ ಈಗ ಕಾಲಿಲ್ಲದ ದುರ್ಗಪ್ಪನವರ ಮುಖ, ಸ್ವಲ್ಪ ನಗುತ್ತ. ತಗಡು ತೆಗೆದುಕೊಂಡವರು ಇವರೇ ಎಂಬುದಕ್ಕೆ ನಾವೇ ಸಾಕ್ಷಿ ಒದಗಿಸಿದ್ದೆವು.



"ಚಲೋ ಬಂದೇತ್ರಿ ಫೋಟೋ," ಎಂದರು ದುರ್ಗಪ್ಪ. ಕೆಂಚವ್ವ ನೆಲದ ಮೇಲಿದ್ದ ಕಾಲನ್ನು ಎತ್ತಿ, ಒಳಗಿನ ಬಟ್ಟೆ ಸರಿಮಾಡಿ, ಬಾಗಿ ಗಂಡನಿಗೆ ತೊಡಿಸತೊಡಗಿದರು.

ಆಮೇಲೆ ನಾವು ಬರೆದ ಪತ್ರಗಳಿಗೆಲ್ಲ, ಮುಗಿದ ಪ್ರಕರಣವನ್ನು ಮತ್ತೆ ತೆರೆಯಲಾಗದು ಎಂಬ ಒಂದೇ ಉತ್ತರ ಬಂತು. ಬಾಳೇಶ ಸರ್ ಕಂಪನಿಯ ದೊಡ್ಡವರೊಬ್ಬರ ನಂಬರ್ ಹುಡುಕಿ ಮಾತಾಡಿದರು. ಅವರು ಸಮಾಧಾನವಾಗಿ ಕೇಳಿಕೊಂಡು, ಸಿಸ್ಟಂನಲ್ಲಿ ಇದ್ದಂತೆ ನಡೆಯಬೇಕಾಗುತ್ತದೆ ಎಂದರಂತೆ. ಮಳೆಗಾಲ ಮುಗಿಯುವ ಹೊತ್ತಿಗೆ ಕಂಪನಿ ನಮ್ಮ ಮೂರು ತಾಲೂಕುಗಳ ಕೆಲಸವನ್ನೇ ನಿಲ್ಲಿಸಿತು. ಎಲ್ಲ ಸಾಲುಗಳೂ ಹಸಿರಾಗಿವೆ, ಗುರಿ ತಲುಪಿದೆ ಎಂದು ಅಭಿನಂದನೆಯ ಪತ್ರ ಕಳಿಸಿತ್ತು.

ಕೊನೆಯ ಸಲ ಕೆಂಚವ್ವ ಒಬ್ಬರೇ ಬಂದರು. ಕೈಯಲ್ಲಿ ಚೀಲ.

"ಗಾಯ ಕೀವ ಆಗೇತಿ. ಡಾಕ್ಟರ್ ಇನ್ನ ಇದನ್ನ ಹಾಕಬ್ಯಾಡಂದ್ರು. ಹೋಟೆಲಿನ್ಯಾಗ ಬ್ಯಾರೆಯಾಂವ ಬಂದಾನ. ಪರೀಕ್ಷೆದ ಕಾಲ ತಿರಗಿ ಕೊಡಬೇಕಂತ ಮೊದಲ ಸಹಿ ಮಾಡಿಸ್ಕೊಂಡಿದ್ರಲ್ಲ. ಬೆಳಗಾವಿಗೆ ಒಯ್ದ್ರ, ಈ ಹೆಸರಿಗೆ ನಾವು ಕಾಲ ಕೊಟ್ಟಂಗ ಕಾಣಸೂದಿಲ್ಲ ಅಂದ್ರು. ನಿಮ್ಮ ಕಡೆ ಇರಲಿ."

"ಮನಿಯಾಗ ಇಟ್ಕೊಳ್ರಿ ಅಕ್ಕಾರ. ಮುಂದ ಯಾವಾಗರ..."

"ಬ್ಯಾಡ. ಅವರ ಕಣ್ಣಿಗೆ ಬೀಳತೈತಿ."

"ಏನರ ಮಾಡೋಣ್ರಿ, ನಾ ಇನ್ನೊಮ್ಮೆ..."

"ನೀ ಭಾಳ ಬರದೀ ತಂಗಿ," ಎಂದರು. ಬೈದದ್ದೋ ಸಮಾಧಾನ ಮಾಡಿದ್ದೋ ತಿಳಿಯಲಿಲ್ಲ. ಚೀಲವನ್ನು ಖಾಲಿ ಮಾಡಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು.

ಆ ಕಾಲು ನಮ್ಮ ಕಪಾಟಿನಲ್ಲಿದೆ. ಅದನ್ನು ಪಡೆದೆವೆಂದು ಬರೆದುಕೊಳ್ಳಲು ಯಾವ ಹಾಳೆಯಲ್ಲೂ ಜಾಗ ಸಿಗಲಿಲ್ಲ.

ಅವರ ಫೋನ್ ಈಗ ಹತ್ತುವುದಿಲ್ಲ. ಊರಿನಲ್ಲಿರುವ ತಮ್ಮಣ್ಣನನ್ನು ಕೇಳಿದರೆ, ಗಂಡ ಹೆಂಡತಿ ಇಬ್ಬರೂ ಹುಕ್ಕೇರಿಯಲ್ಲಿರುವ ಕೆಂಚವ್ವನ ಅಕ್ಕನ ಮನೆಗೆ ಹೋದರು, ಅಲ್ಲಿಂದ ಸಂಕೇಶ್ವರಕ್ಕೋ ಎಲ್ಲಿಗೋ ಎಂದರು. ಕಾಲನ್ನು ಇನ್ನೂ ಮೇಲಕ್ಕೆ ಕತ್ತರಿಸಬೇಕಾಯಿತೆಂದು ಹುಕ್ಕೇರಿಯಿಂದ ಬಂದವರೊಬ್ಬರು ಹೇಳಿದರು. ಅವರು ಹೇಳಿದ್ದು ಈ ದುರ್ಗಪ್ಪನವರ ಬಗ್ಗೆಯೋ ಬೇರೆ ಯಾರ ಬಗ್ಗೆಯೋ ನನಗೆ ಗೊತ್ತಿಲ್ಲ. ಆ ದಿನ ಫೋಟೋ ನೋಡಿ ಮುಕ್ತಾಯ ಎಂದವರು ಒಬ್ಬ ಮನುಷ್ಯರೋ ಅಥವಾ ಅಲ್ಲಿ ಯಾರೂ ಇರಲಿಲ್ಲವೋ, ಅದೂ ಗೊತ್ತಿಲ್ಲ.