ತಹಮೀನಕ್ಕನ ಏಳು ಮಷಿನ್ನು

ಆವತ್ತು ಮಧ್ಯಾಹ್ನದೊಳಗೆ ತಹಮೀನಾ ಹನ್ನೊಂದು ಸಲ ಬಿದ್ದಿದ್ದಳು. ಬಾಳೆಹಣ್ಣಿನ ಸಿಪ್ಪೆ ತುಳಿದು ನಾಲ್ಕು ಸಲ, ಸಾಬೂನು ನೀರಿನಲ್ಲಿ ಜಾರಿ ಏಳು ಸಲ. ಟಿವಿ ಕಾಮಿಡಿಯಲ್ಲಿ ಹದಿನಾಲ್ಕು ವರ್ಷದಿಂದ ಅವಳದು ಒಂದೇ ಪಾತ್ರ, ಎಡವಿ ಬೀಳುವ ದಪ್ಪ ಕೆಲಸದವಳು. ಅವಳು ಬಿದ್ದರೆ ಊರೆಲ್ಲ ನಗುತ್ತದೆ. ಮೊಣಕಾಲು ಮಾತ್ರ ನಗುವುದಿಲ್ಲ, ಪಾಪ, ಅವಕ್ಕೆ ಕಾಮಿಡಿ ತಿಳಿಯುವುದಿಲ್ಲ.

ಆವತ್ತಿನ ಬೀಳಾಟ ಪೂರ್ತಿ ಪುಕ್ಕಟೆ. ಮುಂಬಯಿಯ ಭಾಂಡುಪ್‌ನಲ್ಲಿ, ಕನ್ನಡದವರೇ ತುಂಬಿದ್ದ ಚಾಳಿನ ವಠಾರದಲ್ಲಿ ಅವಳು ಸ್ವಂತ ಗಳಿಕೆಯಿಂದ ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ಕಲಿಯುವವರು ಆರು ಹೆಂಗಸರು, ಮಷಿನ್ನು ಒಂದೇ, ಅದೂ ದಿನಕ್ಕೆರಡು ಸಲ ಮುನಿಸಿಕೊಳ್ಳುವಂಥದ್ದು. ಶಾಲೆಯೊಂದರ ಯೂನಿಫಾರ್ಮ್ ಹೊಲಿಯುವ ಕೆಲಸ ಸಿಕ್ಕಿತ್ತು. ಸೋಮವಾರದೊಳಗೆ ಮಷಿನ್ನು ಬರದಿದ್ದರೆ ಅದು ಬೇರೆಯವರ ಪಾಲು. ಅಷ್ಟರಲ್ಲಿ ಚಾನೆಲ್‌ನವರು ಬಂದರು. ಚಾಳಿನಲ್ಲೇ ಒಂದು ಎಪಿಸೋಡು ಮಾಡೋಣ, ನೀವು ಪುಕ್ಕಟೆ ಬೀಳಿ, ನಾವು ಏಳು ಹೊಸ ಮಷಿನ್ನು ಕೊಡುತ್ತೇವೆ ಅಂದರು. ಇವಳು ಕುಣಿದಾಡಿ ಒಪ್ಪಿದಳು.

ಮಷಿನ್ನು ಬಂದವು. ಶೂಟಿಂಗಿಗೆ ಮುಂಚೆ ಡೈರೆಕ್ಟರು ಪದ್ಧತಿಯಂತೆ ತೆಂಗಿನಕಾಯಿ ಒಡೆದ. ಅದು ಕ್ಯಾಮೆರಾಕ್ಕೆ ಒಡೆದ ಕಾಯಿ. ಕ್ಲಾಸಿನ ಹೆಂಗಸರಲ್ಲೇ ಹಿರಿಯಳಾದ ಹಾಲವ್ವನಿಗೆ ಅದೆಲ್ಲಿ ಗೊತ್ತು? ಮಷಿನ್ನಿಗೇ ಒಡೆದರೆಂದು ತಿಳಿದು, ಏಳಕ್ಕೂ ಅರಿಷಿಣ ಕುಂಕುಮ ಹಚ್ಚಿ, ಕೈಮುಗಿದು, ಚಾಳಿನ ತುಂಬ ಸಕ್ಕರೆ ಹಂಚಿ ಬಂದಳು.

ಪ್ಯಾಕಪ್ ಆಯಿತು. ಚಾನೆಲ್‌ನ ಮ್ಯಾನೇಜರ್ ಸಂದೀಪ ಟೆಂಪೋ ಕರೆಸಿದ. ಅವನ ಊರು ಬೆಳಗಾವಿ, ನಾಲಿಗೆ ಮುಂಬಯಿ.

"ಮಷಿನ್ ಎತ್ರೋ, ಜಲ್ದಿ!"

"ಎಲ್ಲಿಗೋ ಸಂದೀಪ? ಕೊಡ್ತೀವಿ ಅಂದಿದ್ರಲ್ಲಾ?" ಎಂದಳು ತಹಮೀನಾ.

"ಕ್ಯಾಮೆರಾದಾಗ ಕೊಟ್ವಲ್ಲ ಮೇಡಂ! ಇವು ಬಾಡಿಗೀವು. ಸಂಜೀ ತಕ್ ವಾಪಸ್ ಮಾಡಬೇಕು."

ತಹಮೀನಾಳಿಗೆ ಮೈಯೆಲ್ಲ ಉರಿದುಹೋಯಿತು. ಹದಿನಾಲ್ಕು ವರ್ಷ ಬಿದ್ದವಳು ಇಂಥ ಪೆಟ್ಟು ತಿಂದಿರಲಿಲ್ಲ. ಹೆಂಗಸರ ಮುಖ ನೋಡಲಾರದೆ ಅವರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದಳು.

"ಛೀ, ಬಿಡ್ರಿ ಅಕ್ಕಾ," ಎಂದಳು ಹಾಲವ್ವ. "ಕಾಯಿ ಒಡದು ಪೂಜಿ ಆದ ಮಷಿನ್ನ ಯಾರಾದ್ರೂ ಒಯ್ತಾರೇನ್ರಿ?"

"ಅಜ್ಜೀ, ಅದು ಶೂಟಿಂಗ್ ಕಾಯಿ!" ಎಂದ ಸಂದೀಪ.

"ಕಾಯಿ ಖರೇನೋ ಸುಳ್ಳೋ? ಖೋಬ್ರಿ ನೀನೂ ತಿಂದೀಯಲ್ಲೋ!"

ಚಾಳೆಲ್ಲ ಗೊಳ್ಳೆಂದಿತು. ಹಾಲವ್ವ ಮಷಿನ್ನಿನ ಮುಂದೆ ಕೂತಳು. ಯೂನಿಫಾರ್ಮಿನ ನೀಲಿ ಬಟ್ಟೆಯ ಮೇಲೆ ತನ್ನ ಸೆರಗನ್ನೇ ಇಟ್ಟು ಟರ್‍ರೆಂದು ಎರಡು ಸಾಲು ಹೊಲಿದು, ಸೂಜಿ ಇಳಿಸಿ, ಚಕ್ರದ ಮೇಲೆ ಕೈಯಿಟ್ಟಳು.

"ಈಗ ಎತ್ತು. ಮಷಿನ್ನ ಜಗ್ಗಿದ್ರ ನನ್ನ ಸೆರಗೂ ಬರ್ತೈತಿ."

ಪಕ್ಕದ ಮಷಿನ್ನಿಗೆ ದೇವಕ್ಕ ಕೂತಳು. ರುದ್ರವ್ವ ಕೂತಳು, ಕ್ಲಾಸಿನ ಉಳಿದ ಮೂವರೂ ಕೂತರು. ಆರೂ ಮಷಿನ್ನು ಟರ್‍ರೆಂದವು. ಟೆಂಪೋದ ಹಮಾಲರು ಸೆರಗು ನೋಡಿದರು, ಮಹಡಿಯ ಕಟಕಟೆಗೆ ನಿಂತ ಜನರ ಕೈಯಲ್ಲಿದ್ದ ಮೊಬೈಲು ನೋಡಿದರು, ಕೈ ಹಿಂದೆ ಕಟ್ಟಿಕೊಂಡರು. ಅವರಿಗೂ ಮನೆಯಲ್ಲಿ ತಾಯಿ ಇದ್ದಾಳೆ.

ಸಂದೀಪ ತಹಮೀನಾಳ ಹತ್ತಿರ ಬಂದು ಪಿಸುಗುಟ್ಟಿದ. "ಮೇಡಂ, ಸಮಜಾಯಿಸಿ ಹೇಳ್ರಿ ಇವರಿಗೆ. ಇಲ್ಲಾಂದ್ರೆ ನಿಮ್ಮ ರೋಲ್ ಹೋಗ್ತದೆ. ನಾಳೆ ಇನ್ಯಾರೋ ಬೀಳ್ತಾರೆ."

ಆ ರೋಲೇ ಅವಳ ಅನ್ನ.

"ಅಕ್ಕಾ," ಎಂದು ಕರೆದಳು ಹಾಲವ್ವ, "ಏಳನೇದು ಖಾಲಿ ಐತ್ರಿ."

ತಹಮೀನಾ ಹೋಗಿ ಕೂತಳು. ಮೈಮೇಲಿದ್ದದ್ದು ಚಾನೆಲ್‌ನವರೇ ಕೊಟ್ಟ ಕೆಲಸದವಳ ಸೀರೆ. ಅದರ ಸೆರಗನ್ನು ಸೂಜಿಯ ಕೆಳಗೆ ತಳ್ಳಿ, ಪೆಡಲು ತುಳಿದಳು.

"ಬಾರಪ್ಪಾ ಸಂದೀಪ. ಜಗ್ಗು."