ತಲೆಯಾಡಿಸಿದ್ದು

"ನಾಳೆ ಕರೆಂಟಿಲ್ಲೆ. ಯಾರೂ ಬರಲ್ಲ. ನೀ ಒಬ್ಳೇ ಬತ್ತೀಯಾ?"

ಹನ್ನೆರಡು ವಿದ್ಯುತ್ ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ತಿರುಮಲೈಸಾಮಿ ಕೂಗಲಿಲ್ಲ, ಮನೆಯಲ್ಲಿ ಕಾಫಿ ಕೇಳುವಷ್ಟೇ ಮೆಲ್ಲಗೆ ಹೇಳಿದ. ನೂಲು ಸುತ್ತುವ ಕೆಲಸಕ್ಕೆ ಸೇರಿ ಎಂಟೇ ದಿನವಾಗಿದ್ದ, ಇಪ್ಪತ್ತೆರಡರ ಇಲಕ್ಕಿಯಾಳಿಗೆ ಒಂದಕ್ಷರವೂ ಕೇಳಿಸಲಿಲ್ಲ. ಯಜಮಾನ ಏನೋ ಕೆಲಸ ಹೇಳುತ್ತಿರಬೇಕೆಂದು ನಕ್ಕು ತಲೆಯಾಡಿಸಿದಳು. ಸೋಮನೂರಿನ ಮಗ್ಗದ ಶೆಡ್ಡುಗಳಲ್ಲಿ ಹೊಸಬರೆಲ್ಲ ಹೀಗೇ.

ಕೇಳಿಸಿಲ್ಲವೆಂದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೂ ತಾನು ಕೇಳಿಯಾಯಿತು, ಅವಳು ಒಪ್ಪಿಯೂ ಆಯಿತು ಎಂದುಕೊಂಡ, ಮಹಾನುಭಾವ! ಮೊನ್ನೆ ಅವನು ಕೊಟ್ಟ ಟೀ ಕುಡಿದಿದ್ದಳು. ನಿನ್ನೆ ಮಲ್ಲಿಗೆ ಮುಡಿದು ಬಂದಿದ್ದಳು, ಮತ್ತೆ ಯಾರಿಗಾಗಿ? 'ಅಣ್ಣಾ' ಎನ್ನುವುದು ಬರೀ ಬಾಯಿಮಾತು. ಭುಜ ಮುಟ್ಟಿ ಕರೆದಾಗ ಸರಕ್ಕನೆ ದೂರ ಸರಿದದ್ದು ನಾಚಿಕೆ. ಅವಳು ಏನು ಮಾಡಿದರೂ ಅವನಿಗೆ ಒಂದೇ ಅರ್ಥ.

ಸಂಜೆ ಮಗ್ಗಗಳು ನಿಂತ ಮೇಲೆ ಬಾಗಿಲಲ್ಲಿ ಜೋರಾಗಿಯೇ ಹೇಳಿದ: "ನಾಳೆ ನೂಲು ವಿಂಗಡಿಸೋದಿದೆ. ಒಂಬತ್ತಕ್ಕೆ ಬಾ."

"ಸರಿ ಅಣ್ಣಾ. ಎಲ್ಲಾರೂ ಬತ್ತಾರಾ?"

"ಬತ್ತಾರೆ, ಬತ್ತಾರೆ."

ಮರುದಿನ ಶೆಡ್ಡು ಗವ್ವೆನ್ನುತ್ತಿತ್ತು. ತಿರುಮಲೈಸಾಮಿ ಇಸ್ತ್ರಿ ಅಂಗಿ ತೊಟ್ಟು, ಶಟರನ್ನು ಅರ್ಧ ಇಳಿಸಿ ಕೂತ. 'ನಾನೇನು ಕೈ ಹಿಡಿದು ಎಳೆದುಕೊಂಡು ಬಂದೆನಾ? ಅವಳೇ ತಾನೇ ಬಂದದ್ದು?' ಎಂದು ಒಳಗೊಳಗೇ ಎರಡು ಸಲ ಹೇಳಿ ನೋಡಿದ. ಮಾತು ಸಲೀಸಾಗಿ ಬಂತು. ಇನ್ನೂ ನಡೆಯದ್ದಕ್ಕೆ ಆಗಲೇ ಜವಾಬು ಸಿದ್ಧ!

ಹೊರಗೆ ಚಪ್ಪಲಿಯ ಸದ್ದಾಯಿತು. ಶಟರು ಕಿರುಗುಟ್ಟುತ್ತ ಮೇಲಿನ ತನಕ ಹೋಯಿತು. ಬೀದಿಯ ಬಿಸಿಲೆಲ್ಲ ಒಳಕ್ಕೆ ಬಂತು, ಅದರ ಜೊತೆಗೆ ಹೆಂಡತಿ ಸುಶೀಲ.

"ಆ ಹುಡುಗಿ ಬರಲ್ಲ. ಅವಳ ಮನೆಗೆ ಹೋಗಿ ಹೇಳಿ ಬಂದೆ."

"ಏನು ಚಾಡಿ ಹೇಳಿದ್ಳು ಅವಳು? ಅವಳೇ ಒಪ್ಪಿ..." ಎಂದವನು ಅಲ್ಲಿಗೇ ನಿಲ್ಲಿಸಿದ.

"ಅವಳಿಗೇನು ಗೊತ್ತು, ಪಾಪ."

ಸುಶೀಲ ಹದಿನೆಂಟು ವರ್ಷ ಈ ಮಗ್ಗಗಳ ನಡುವೆ ನಿಂತವಳು. ಅಷ್ಟು ವರ್ಷವಾದವರಿಗೆ ಶೆಡ್ಡಿನಲ್ಲಿ ಕಿವಿ ಬೇಡ, ಎದುರಿನವರ ತುಟಿ ಕಂಡರೆ ಸಾಕು. ನಿನ್ನೆ ನಾಲ್ಕನೆಯ ಮಗ್ಗದಲ್ಲಿ ಕಡಿದ ಎಳೆಗೆ ಗಂಟು ಹಾಕುತ್ತಿದ್ದಳು. ತಿರುಮಲೈಸಾಮಿ ಸುತ್ತ ಯಾರಿದ್ದಾರೆಂದು ನೋಡಿಯೇ ಮಾತಾಡಿದ್ದ. ಹೆಂಡತಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅವಳು ಇಲಕ್ಕಿಯಾಳ ಸ್ಟೂಲನ್ನು ಅವನ ಎದುರಿಗೆ ಎಳೆದುಕೊಂಡು ಕೂತಳು. ಸ್ವರವೇ ಹೊರಡಿಸದೆ, ತುಟಿಗಳನ್ನಷ್ಟೇ ನಿಧಾನವಾಗಿ ಆಡಿಸಿದಳು. ನಾಳೆ ಕರೆಂಟಿಲ್ಲೆ. ಯಾರೂ ಬರಲ್ಲ. ನೀ ಒಬ್ಳೇ ಬತ್ತೀಯಾ?

ಆಮೇಲೆ ಅವನು ತಲೆಯಾಡಿಸಲೆಂದು ಕಾಯುತ್ತ ಕೂತಳು.