ಲಾಲಾಜಿಯನ್ನು ಯಾರೂ ಕೇಳಲಿಲ್ಲ

ಗುಣವತಿಬಾಯಿ ಎರಡನೆಯ ಚೆಂಬು ನೀರನ್ನು ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದಾಗಲೇ ಶರ್ವರಿ ಬಚ್ಚಲ ಬಾಗಿಲು ಬಡಿದಳು.

"ಮೌಶಿ, ಲಗೂನ ಬರ್ರಿ. ತಡಾ ಆದ್ರ ಅಪ್ಪಗ ಸಂಶೇ ಬರತೈತಿ."

"ಬಂದೆನವ್ವ. ಹೆಣ ಮುಟ್ಟಿದ ಕೈಲೆ ಬ್ಯಾನಿ ಮನಷ್ಯಾಗ ಗಂಜಿ ಕಾಸ್ಲೇನು?"

ಬೆಳಗಿನವರೆಗೂ ಗೋದಾವರಿ ಆಗಿದ್ದವಳು ಈಗ ಹೆಣವಾಗಿದ್ದಳು. ಶ್ರೀಹರಿ, ನಾಲಿಗೆ ಎಷ್ಟು ಬೇಗ ಒಗ್ಗಿಕೊಂಡಿತು ಎಂದು ಗುಣವತಿಬಾಯಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಶರ್ವರಿಯ ತಾಯಿ ಗೋದಾವರಿಯ ಮನೆ ಒಂದು ಮಹಡಿ ಕೆಳಗಿತ್ತು. ಇಬ್ಬರ ಗಂಡಂದಿರೂ ರಕ್ಷಣಾ ಕಾರ್ಖಾನೆಯಲ್ಲಿ ಕೂಡಿ ದುಡಿದವರು. ಕ್ವಾರ್ಟರ್ಸಿನಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದವರು, ನಿವೃತ್ತಿಯಾದ ಮೇಲೆ ಮಣಿಕೊಂಡದ ಈ ಅಪಾರ್ಟ್‌ಮೆಂಟಿನಲ್ಲಿ ಮೇಲೊಂದು ಕೆಳಗೊಂದು ಮನೆ ಹಿಡಿದರು. ಗುಣವತಿಬಾಯಿಯ ಗಂಡ ಮೊದಲೇ ತೀರಿಕೊಂಡಿದ್ದರು. ಗೋದಾವರಿಯ ಗಂಡ ಹನುಮಂತರಾಯರು ಹೃದಯದ ಆಪರೇಶನ್ ಮಾಡಿಸಿಕೊಂಡು ಗಚ್ಚಿಬೌಲಿಯ ಆಸ್ಪತ್ರೆಯಲ್ಲಿ ಮಲಗಿದ್ದರು. ದಿನವೂ ಅವರಿಗೆ ಗಂಜಿ ಒಯ್ಯುತ್ತಿದ್ದವಳು ಗೋದಾವರಿ. ಈ ಬೆಳಿಗ್ಗೆ ದೇವರಿಗೆ ದೀಪ ಹಚ್ಚಲು ಕುಳಿತವಳು ಹಾಗೆಯೇ ಪಕ್ಕಕ್ಕೆ ವಾಲಿದಳು.

ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಆದ್ದರಿಂದ ಗಂಜಿ ಕಾಸುವ ಕೆಲಸ ಗುಣವತಿಬಾಯಿಗೆ ಬಂತು. ಅದರ ಜೊತೆಗೆ ಒಂದು ಸುಳ್ಳೂ ಬಂತು. ಗೋದಾವರಿಗೆ ನೆಗಡಿಯಾಗಿದೆ ಎಂದು ಹನುಮಂತರಾಯರಿಗೆ ಹೇಳಬೇಕು.

ಒದ್ದೆ ಕೂದಲಿಗೆ ಗಂಟು ಹಾಕಿ, ಡಬ್ಬಿ ಹಿಡಿದು ಅವರು ಕೆಳಗಿಳಿದರು. ನಡುಮನೆಯಲ್ಲಿ ಗೋದಾವರಿಯನ್ನು ಮುತ್ತೈದೆಯಂತೆ ಸಿಂಗರಿಸಿ ಮಲಗಿಸಿದ್ದರು. ಗೋಡೆಯ ಬದಿಗೆ ಕ್ವಾರ್ಟರ್ಸಿನ ಹಳೆಯ ಗೆಳೆಯರಾದ ಕಲ್ಯಾಣಪ್ಪನೂ ಪ್ರಾಣೇಶನೂ ಕುಳಿತಿದ್ದರು.

"ಡಾಕ್ಟರು ಯಾವ ಧಕ್ಕಾನೂ ಕೊಡಬ್ಯಾಡ್ರಿ ಅಂದಾರ," ಎಂದ ಮಗ ಹೇಮಂತ. ಅವನ ಕಣ್ಣುಗಳು ಕೆಂಪಾಗಿದ್ದವು. "ಒಂದ ದಿನದಾಗ ಇಬ್ಬರನ್ನೂ ಕಳಕೊಳ್ಳಾಕ ನನ್ನ ಕಡಿಂದ ಆಗಂಗಿಲ್ಲ. ಆಮ್ಯಾಲೆ ಹೇಳೋಣ."

"ಆಮ್ಯಾಲೆ ಅಂದ್ರ ಏನ್ ತೋರಸ್ತೀಯಪ್ಪ ಅವರಿಗೆ? ಬೂದಿನೇನು?" ಎಂದರು ಪ್ರಾಣೇಶ.

ಕಲ್ಯಾಣಪ್ಪ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಮುಂದೆ ಬಾಗಿದರು. "ಪ್ರಾಣೇಶ, ನೀ ಮತ್ತ ಸುರು ಮಾಡಬ್ಯಾಡ. ಗೋದಾ ಅಕ್ಕಾರು ಏನಂತಿದ್ರು? ಅಮ್ಮಾಜಿ ಸತ್ತ ಎಪಿಸೋಡ್ ನೆನಪೈತೋ ಇಲ್ಲೋ? ಹಿರೀ ಸೊಸಿ ಮಾಡಿದ್ದು ಬರೋಬರಿ ಅಂತ ಈ ಮನ್ಯಾಗ ಕುಂತು ಎಷ್ಟ ಸಲ ಹೇಳಿಲ್ಲ?"

"ಅದು ಸೀರಿಯಲ್ಲೋ ಮಾರಾಯ!"

"ಈಗ ಸೀರಿಯಲ್ ಆತೇನು? ಲಾಲಾಜಿ ಸಲುವಾಗಿ ಕ್ವಾರ್ಟರ್ಸಿನ್ಯಾಗ ನನ್ನ ಕಾಲರ್ ಹಿಡದಾಂವ ನೀನಾ ಅಲ್ಲೇನು?"

ಹೆಂಗಸರ ಸಾಲಿನಲ್ಲಿ ಯಾರೋ ಅಳುತ್ತಲೇ ನಕ್ಕುಬಿಟ್ಟರು. ಹೇಮಂತ ಗುಣವತಿಬಾಯಿಯ ಕಡೆ ತಿರುಗಿ ಕೈಮುಗಿದ. "ಮೌಶಿ, ಅವ್ವನ ಮಾತ ನಡಸ್ರಿ. ನೆಗಡಿ ಅಂತ ಹೇಳಿ ಬಂದುಬಿಡ್ರಿ."

ಗುಣವತಿಬಾಯಿ ಗೆಳತಿಯ ಮುಖ ನೋಡಿದರು. ಕಡೆಗೂ ಗೆದ್ದಿಯಲ್ಲೇ, ಎಂದುಕೊಂಡರು.

* * *

ಆ ಧಾರಾವಾಹಿಯ ಹೆಸರು 'ಸರಾಯ್ ಗಲಿ'. ಆಗ ಇಡೀ ಸಾಲಿನಲ್ಲಿ ಟೀವಿ ಇದ್ದದ್ದು ಗೋದಾವರಿಯ ಮನೆಯಲ್ಲಿ ಮಾತ್ರ. ಭಾನುವಾರ ಬೆಳಿಗ್ಗೆ ಎಲ್ಲರೂ ಅಲ್ಲಿ ಸೇರುತ್ತಿದ್ದರು. ಗೋದಾವರಿ ಒಗ್ಗರಣೆ ಅವಲಕ್ಕಿ ಹಂಚುತ್ತಿದ್ದಳು. ಹಿಂದಿ ತಿಳಿಯದವರಿಗೆ ನಡುನಡುವೆ ಕನ್ನಡದಲ್ಲಿ ಹೇಳುವವಳೂ ಅವಳೇ, ಹೇಳುವಾಗ ತನ್ನದೊಂದಿಷ್ಟು ಸೇರಿಸುವವಳೂ ಅವಳೇ. ಮುಂದೆ ಅದೇ ಕಂತುಗಳು ಫೋನಿನಲ್ಲಿ ಸಿಗತೊಡಗಿದಾಗ ಮುದುಕರೆಲ್ಲ ಮಣಿಕೊಂಡದ ಮನೆಯಲ್ಲಿ ಮತ್ತೆ ಸೇರಿದರು, ಮತ್ತೆ ಜಗಳಾಡಿದರು.

ಎಲ್ಲಕ್ಕಿಂತ ದೊಡ್ಡ ಜಗಳ ಅಮ್ಮಾಜಿ ಸತ್ತ ಕಂತಿನದು. ಲಾಲಾಜಿ ಕ್ಷಯದಿಂದ ಮುಂದಿನ ಕೋಣೆಯಲ್ಲಿ ಮಲಗಿರುತ್ತಾನೆ. ಹೆಂಡತಿ ಹಿಂದಿನ ಕೋಣೆಯಲ್ಲಿ ಸಾಯುತ್ತಾಳೆ. ಹಿರಿಯ ಸೊಸೆ ಯಾರಿಗೂ ಅಳಗೊಡದೆ, ಹಿತ್ತಲ ಬಾಗಿಲಿನಿಂದ ಅತ್ತೆಯನ್ನು ಸಾಗಿಸಿ, ಬಂದು ಮಾವನಿಗೆ ಹಾಲು ಕೊಡುತ್ತಾಳೆ.

"ಜೀವಾ ಉಳಿಸ್ಯಾಳ, ಗಟ್ಟಿಗಿತ್ತಿ," ಎನ್ನುತ್ತಿದ್ದಳು ಗೋದಾವರಿ.

"ಕಡೀ ಸಲ ಮಾರಿ ನೋಡಾಕ ಬಿಡದಾಕಿ ಎಂಥಾ ಗಟ್ಟಿಗಿತ್ತಿ? ಕಟುಕಿ," ಎನ್ನುತ್ತಿದ್ದರು ಗುಣವತಿಬಾಯಿ.

ಒಂದು ವರ್ಷ ಈ ಮಾತಿಗೆ ಇಬ್ಬರೂ ಶ್ರಾವಣ ಮುಗಿಯುವವರೆಗೆ ಮಾತು ಬಿಟ್ಟಿದ್ದರು. ಅರಿಶಿನ ಕುಂಕುಮಕ್ಕೆ ಕರೆಯಲು ಶರ್ವರಿಯನ್ನು ಕಳಿಸುತ್ತಿದ್ದರು.

ಹನುಮಂತರಾಯರು ಈ ವಾದಕ್ಕೆ ಎಂದೂ ಬಾಯಿ ಹಾಕಿದವರಲ್ಲ. ಮೂಲೆಯಲ್ಲಿ ಪೇಪರು ಹಿಡಿದು ಕುಳಿತಿರುತ್ತಿದ್ದರು. ಒಮ್ಮೆ ಮಾತ್ರ ಪೇಪರಿನ ಹಿಂದಿನಿಂದ ದನಿ ಬಂತು.

"ಇಷ್ಟ ಮಂದಿ ಕೂಡಿ ನ್ಯಾಯಾ ಮಾಡಾಕತ್ತೀರಿ. ಆ ಲಾಲಾಜಿನ್ನ ಯಾರರ ಒಂದ ಮಾತು ಕೇಳೀರೇನು?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮ ಸಲುವಾಗಿ ಮಾತಾಡಾಕ ನಾ ಇದ್ದೀನಲ್ಲ, ಸುಮ್ಮ ಪೇಪರ್ ಓದ್ರಿ," ಎಂದಳು ಗೋದಾವರಿ. ಅವರು ಪೇಪರು ಮಡಿಸಿದರು, ಮತ್ತೆ ಬಿಚ್ಚಿದರು.

* * *

ಆಸ್ಪತ್ರೆಯಲ್ಲಿ ಹನುಮಂತರಾಯರು ದಿಂಬಿಗೆ ಒರಗಿ ಕುಳಿತಿದ್ದರು. ಗುಣವತಿಬಾಯಿಯನ್ನು ಕಂಡು ಅವರ ಹಿಂದಿದ್ದ ಬಾಗಿಲ ಕಡೆ ನೋಡಿದರು. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

"ಗೋದಾ?"

"ನೆಗಡಿ ಆಗೈತ್ರಿ ಅಣ್ಣಾರ. ನಿಮಗ ಹತ್ತೀತು ಅಂತ..." ಅವರು ಡಬ್ಬಿಯ ಮುಚ್ಚಳ ತೆಗೆದು ಬಟ್ಟಲಿಗೆ ಗಂಜಿ ಸುರಿದರು.

ಹನುಮಂತರಾಯರು ಬಟ್ಟಲು ತೆಗೆದುಕೊಳ್ಳಲಿಲ್ಲ. ಗುಣವತಿಬಾಯಿಯ ಹೆಗಲನ್ನೇ ನೋಡುತ್ತಿದ್ದರು. ಗಂಟು ಸಡಿಲಾಗಿ ಕೂದಲ ತುದಿಯಿಂದ ನೀರು ರವಿಕೆಗೆ ಇಳಿಯುತ್ತಿತ್ತು.

"ಇವತ್ತ ಮಂಗಳವಾರ ಅಲ್ಲೇನ್ರಿ?"

"ಹೌದ್ರಿ."

"ತಲಿ ಮ್ಯಾಲೆ ನೀರು ಹಾಕ್ಕೊಂಡೀರಿ. ಶುಕ್ರವಾರ ಬಿಟ್ರ ನೀವು ತಲಿ ತೋಯಿಸಿಕೊಳ್ಳಾಕಿ ಅಲ್ಲ. ಸರ್ದಿ ಬುರುಕಿ ಅಂತ ಆಕಿ ನಿಮಗ ಅಣಗಸ್ತಾಳ."

ಗುಣವತಿಬಾಯಿಯ ಕೈ ತಾನಾಗಿ ಕೂದಲಿಗೆ ಹೋಯಿತು. ಮಡಿಯ ಚಿಂತೆಯಲ್ಲಿ ಅದೊಂದು ಹೊಳೆದಿರಲಿಲ್ಲ. ಈಗಲೂ ಒಂದು ಸುಳ್ಳು ಹೇಳಬಹುದಿತ್ತು. ದೂರದ ಬಳಗದಲ್ಲಿ ಯಾರೋ ತೀರಿಕೊಂಡರು ಎಂದರೂ ಆಗುತ್ತಿತ್ತು.

"ಗುಣವತಿಬಾಯಿ, ಆಕಿ ಹೋದಳೇನು?"

ಅವರು ಬಟ್ಟಲು ಕೆಳಗಿಟ್ಟು ತಲೆ ತಗ್ಗಿಸಿದರು.

ಹನುಮಂತರಾಯರು ಕಣ್ಣು ಮುಚ್ಚಿಕೊಂಡರು. ತಲೆದಿಂಬಿನ ಬಳಿಯ ಯಂತ್ರ ಅವಸರದಿಂದ ಕೂಗತೊಡಗಿತು. ನರ್ಸು ಓಡಿ ಬಂದಳು, ಹಿಂದೆಯೇ ಡಾಕ್ಟರು ಬಂದರು. ಗುಣವತಿಬಾಯಿ ಗೋಡೆಗೆ ಒರಗಿ ನಿಂತು ಹರಿನಾಮ ಹೇಳಿಕೊಂಡರು. ಒಬ್ಬಳನ್ನು ಕಳಿಸುವ ಮೊದಲೇ ಇನ್ನೊಬ್ಬರನ್ನು ತಾನೇ ಕೊಂದೆನೇ ಎಂದು ನಾಮದ ನಡುವೆ ಕೇಳಿಕೊಂಡರು. ಬಹಳ ಹೊತ್ತಿನ ಮೇಲೆ ಯಂತ್ರದ ಕೂಗು ನಿಂತಿತು.

ಹನುಮಂತರಾಯರು ಕಣ್ಣು ತೆರೆದರು. "ಒಯ್ದಾರೇನು?"

"ಇಲ್ರಿ. ಇನ್ನೇನ್ ಹೊಂಡತಾರ."

"ಹೇಮಂತಗ ಹೇಳ್ರಿ. ಆಕಿ ಜೀವಮಾನ ನನ್ನ ಸಲುವಾಗಿ ತಾನಾ ಮಾತಾಡ್ಯಾಳ. ಇವತ್ತ ನಾ ಮಾತಾಡಾಕತ್ತೀನಿ. ನಾ ಆಕಿನ್ನ ನೋಡಬೇಕು."

ಫೋನಿನಲ್ಲಿ ಹೇಮಂತನ ದನಿ ಸಿಡಿಯಿತು. "ಹೇಳಿಬಿಟ್ರೇನು ಮೌಶಿ? ಕಡೀಗೂ ನಿಮ್ಮ ಹಟಾನ ಆತಲ್ಲ?"

"ನನ್ನ ಹಟಾ ಅಲ್ಲಪ್ಪ. ನಿಮ್ಮಪ್ಪ ತಾವಾ ಕೇಳ್ಯಾರ. ಗಾಡಿ ಆಸ್ಪತ್ರಿ ಮುಂದಿಂದ ಹಾಯಿಸು."

ಕೆಳಗೆ ಕರೆದೊಯ್ಯಲು ಡಾಕ್ಟರು ಒಪ್ಪಲಿಲ್ಲ. ಗಾಲಿಕುರ್ಚಿಯಲ್ಲಿ ಕಿಟಕಿಯವರೆಗೆ ಮಾತ್ರ ಎಂದರು. ತಾವೇ ಪಕ್ಕದಲ್ಲಿ ನಿಂತರು.

ವೈಕುಂಠ ರಥ ಎಂದು ತೆಲುಗಿನಲ್ಲಿ ಬರೆದ ಬಿಳಿ ವ್ಯಾನು ಬಂದು ಗೇಟಿನ ಎದುರು ರಸ್ತೆಯಲ್ಲೇ ನಿಂತಿತು. ಬಿಸಿಲು ಸುಣ್ಣದಂತೆ ಸುರಿಯುತ್ತಿತ್ತು. ಹಿಂದೆ ಕ್ಯಾಬುಗಳು ಸಾಲುಗಟ್ಟಿ ಹಾರ್ನು ಹೊಡೆದವು. ಕಲ್ಯಾಣಪ್ಪ ಇಳಿದು, ರಸ್ತೆಯ ನಡುವೆ ಎರಡೂ ಕೈ ಚಾಚಿ ಅವುಗಳನ್ನು ತಡೆದು ನಿಂತರು. ಹೇಮಂತ ವ್ಯಾನಿನ ಹಿಂದಿನ ಬಾಗಿಲು ತೆರೆದ.

ಮೇಲಿನಿಂದ ಅರಿಶಿನ ಹಚ್ಚಿದ ಎರಡು ಪಾದಗಳು ಮಾತ್ರ ಕಂಡವು.

"ಮಾರಿ ಕಾಣವಲ್ದು," ಎಂದರು ಹನುಮಂತರಾಯರು.

ಗುಣವತಿಬಾಯಿ ಫೋನಿನಲ್ಲಿ ಹೇಳಿದರು. ಹೇಮಂತನೂ ಪ್ರಾಣೇಶನೂ ಚಟ್ಟವನ್ನು ಹೊರಕ್ಕೆ ಎಳೆದು ಹೆಗಲೆತ್ತರಕ್ಕೆ ಹಿಡಿದರು. ಇನ್ನಿಬ್ಬರು ಬಂದು ಕೈ ಕೊಟ್ಟರು. ಹಸಿರು ಸೀರೆ, ಬಳೆ ತುಂಬಿದ ಕೈ, ಆಮೇಲೆ ಮುಖ ಬಿಸಿಲಿಗೆ ಬಂತು. ಹಣೆಯ ತುಂಬ ಕುಂಕುಮ.

ಹನುಮಂತರಾಯರು ಗಾಜಿಗೆ ಅಂಗೈ ಊರಿ ನೋಡಿದರು. ಅಳಲಿಲ್ಲ.

"ಬಿಸಲ ಐತಿ," ಎಂದರು ಮೆಲ್ಲಗೆ. "ಆಕಿಗೆ ಬಿಸಲ ಆಗಂಗಿಲ್ಲ."

ಅವರ ಮಾತು ಕೆಳಗೆ ಕೇಳುವಂತಿರಲಿಲ್ಲ. ಆದರೂ ಅದೇ ಹೊತ್ತಿಗೆ ಶರ್ವರಿ ವ್ಯಾನಿನಿಂದ ಇಳಿದು ಬಂದಳು. ತುದಿಗಾಲ ಮೇಲೆ ನಿಂತು, ತನ್ನ ಸೆರಗನ್ನು ಎರಡೂ ಕೈಯಿಂದ ಅಗಲಿಸಿ ತಾಯಿಯ ಮುಖದ ಮೇಲೆ ನೆರಳು ಹಿಡಿದಳು.